ರಕ್ತ ಕಾಣದ ಪೆಟ್ಟು: ಒಳಪೆಟ್ಟನ್ನು ಗುರುತಿಸುವುದು ಹೇಗೆ, ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ರಕ್ತ ಸುರಿಸಿಕೊಂಡು ಬಂದವರಿಗೆ ಕ್ಯಾಶುವಲ್ಟಿಯಲ್ಲಿ ಎಲ್ಲರೂ ದಾರಿ ಬಿಡುತ್ತಾರೆ. ಹೊಟ್ಟೆ ಹಿಡಿದುಕೊಂಡು ತಾನೇ ನಡೆದು ಬಂದವನು ಬೆಂಚಿನ ಮೇಲೆ ಕೂತು ತನ್ನ ಸರದಿ ಕಾಯುತ್ತಾನೆ. ನನಗೆ ಜಾಸ್ತಿ ಭಯ ಈ ಬೆಂಚಿನ ಮೇಲೆ ಕೂತವರದ್ದೇ.

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ಜನ ಈಗಲೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ನಮ್ಮಲ್ಲಿಗೆ ಬರುವ ಒಳಪೆಟ್ಟುಗಳಿಗೆ ಕಾರಣ ಹೆಚ್ಚು ಕಡಿಮೆ ಗೊತ್ತಿರುವಂಥವೇ. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯಲು ಹತ್ತಿ ಜಾರಿದವರು, ಕೊಯ್ಲಿನ ಕಾಲದಲ್ಲಿ ಕೊನೆ, ಅಂದರೆ ಅಡಿಕೆ ಗೊಂಚಲು, ತೆಗೆಯುವಾಗ ಬಿದ್ದವರು, ತಿರುವಿನಲ್ಲಿ ಬೈಕ್ ಸ್ಕಿಡ್ ಆದವರು, ಹಸುವಿನಿಂದ ಒದೆಸಿಕೊಂಡವರು, ಪಾಚಿಗಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿಯರು. ಮೊಂಡಾದ ವಸ್ತು ತಾಗಿದರೆ ಚರ್ಮ ಹರಿಯದೆ ಉಳಿಯಬಹುದು. ಆದರೆ ಪೆಟ್ಟಿನ ಬಲ ಒಳಗೆ ಇಳಿದಿರುತ್ತದೆ. ಒಳಗೆ ರಕ್ತ ಒಸರುತ್ತಿದೆಯೋ ಇಲ್ಲವೋ ಅನ್ನುವುದು ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗದಿರಬಹುದು. ಅದಕ್ಕೇ ಒಳಪೆಟ್ಟನ್ನು ಒಮ್ಮೆ ನೋಡಿದರೆ ಸಾಲದು, ಗಂಟೆಗಟ್ಟಲೆ ಗಮನಿಸಬೇಕು. ಮನೆಯವರೂ ಅಷ್ಟೇ, ನಾವೂ ಅಷ್ಟೇ.

ಪೆಟ್ಟು ಹೇಗೆ ಬಿತ್ತು?

ಡಾಕ್ಟರ್ ಮೊದಲು ಕೇಳುವುದು ಇದನ್ನೇ. ಜೊತೆಗೆ ಬಂದವರು ಸಾಮಾನ್ಯವಾಗಿ 'ಬಿದ್ದುಬಿಟ್ರು' ಅಂತ ಮುಗಿಸುತ್ತಾರೆ. ಅಷ್ಟು ಸಾಲುವುದಿಲ್ಲ. ಎಷ್ಟು ಎತ್ತರದಿಂದ, ಮೈಯ ಯಾವ ಭಾಗ ಮೊದಲು ತಾಗಿತು, ಕೆಳಗೆ ಮಣ್ಣಿತ್ತೋ ಕಲ್ಲಿತ್ತೋ, ಬಿದ್ದ ಕೂಡಲೇ ಎಚ್ಚರ ಇತ್ತೋ, ಎಷ್ಟು ಗಂಟೆಗೆ ಆಯಿತು, ಇವೆಲ್ಲ ಬೇಕು. ಬೈಕಾದರೆ ಹೆಲ್ಮೆಟ್ ಇತ್ತೇ, ಕಾರಾದರೆ ಸೀಟ್ ಬೆಲ್ಟ್ ಹಾಕಿದ್ದರೇ ಅನ್ನುವುದೂ ಬೇಕು. ನಜ್ಜುಗುಜ್ಜಾದ ಗಾಡಿಯ ಒಂದು ಫೋಟೋ ಮೊಬೈಲಿನಲ್ಲಿದ್ದರೆ ತೋರಿಸಿ. ಸ್ಟೀರಿಂಗ್ ಬಗ್ಗಿದ್ದರೆ ಡಾಕ್ಟರ್ ಎದೆಯನ್ನು ಇನ್ನಷ್ಟು ಹುಷಾರಾಗಿ ನೋಡುತ್ತಾರೆ.

ಇದನ್ನೆಲ್ಲ ಕೇಳುವುದಕ್ಕೆ ಕಾರಣ ಇದೆ. ಎತ್ತರದಿಂದ ಕಾಲ ಮೇಲೆ ಬಿದ್ದವರಿಗೆ ಹಿಮ್ಮಡಿ ಮೂಳೆ ಮುರಿದಿದ್ದರೆ ಸೊಂಟದ ಹತ್ತಿರದ ಬೆನ್ನುಮೂಳೆಯೂ ಮುರಿದಿರಬಹುದು. ಹಿಮ್ಮಡಿಯ ನೋವು ಜೋರಾಗಿದ್ದು ಬೆನ್ನಿನ ನೋವು ಮರೆತೇ ಹೋಗಿರುತ್ತದೆ. ಸೈಕಲ್ಲಿಂದ ಬೀಳುವಾಗ ಮಗುವಿನ ಹೊಟ್ಟೆಗೆ ಹ್ಯಾಂಡಲ್ ತುದಿ ಚುಚ್ಚಿದರೆ ಮೇಲೆ ಕಾಣುವುದು ಒಂದು ಸಣ್ಣ ಗುಂಡಗಿನ ಕಲೆ ಮಾತ್ರ. ಒಳಗೆ ಮೇದೋಜೀರಕ ಗ್ರಂಥಿಗೋ ಸಣ್ಣ ಕರುಳಿಗೋ ಪೆಟ್ಟಾಗಿ, ನೋವು, ವಾಂತಿ ಮರುದಿನ ಶುರುವಾಗಬಹುದು. ಮೂತ್ರ ತುಂಬಿಕೊಂಡಿದ್ದಾಗ ಕೆಳಹೊಟ್ಟೆಗೆ ಪೆಟ್ಟು ಬಿದ್ದರೆ ಮೂತ್ರಚೀಲವೇ ಒಡೆಯಬಹುದು. ದೂರದ ಪ್ರಯಾಣದಲ್ಲಿ ಮೂತ್ರ ಕಟ್ಟಿಕೊಂಡು ಕೂರಬೇಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಬಿದ್ದ ಜಾಗದಲ್ಲಿ

ಎತ್ತರದಿಂದ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಓಮ್ನಿಗೆ ತುಂಬುವುದನ್ನು ನಾವು ದಿನಾ ನೋಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಬೆನ್ನುಮೂಳೆ ಮುರಿದಿದ್ದು ಒಳಗಿನ ನರಕ್ಕೆ ಇನ್ನೂ ಪೆಟ್ಟಾಗಿರದಿದ್ದರೆ, ಎತ್ತುವಾಗ ಸೊಂಟ ಬಾಗಿದಾಗಲೇ ಅದಕ್ಕೆ ಪೆಟ್ಟಾಗಬಹುದು. ಬಿದ್ದವರನ್ನು ಹಾಗೇ ಮಲಗಿರಲು ಬಿಡಿ. ಕಾಲಿನ ಬೆರಳು ಆಡಿಸಲು ಹೇಳಿ. 108ಕ್ಕೆ ಫೋನ್ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚದ ಹೆಸರಿನಲ್ಲಿ ಓಡುತ್ತಿರುವ ಈ ಆಂಬ್ಯುಲೆನ್ಸ್‌ಗಳಲ್ಲಿ ಕುತ್ತಿಗೆ ಪಟ್ಟಿ, ಬೆನ್ನಿಗೆ ಹಲಗೆ ಎರಡೂ ಇರುತ್ತವೆ.

ತೋಟ ರಸ್ತೆಯಿಂದ ದೂರ ಇದ್ದು ಹೊತ್ತು ತರಲೇಬೇಕು ಅಂತಾದರೆ ಒಂದು ಅಗಲದ ಹಲಗೆ ತನ್ನಿ, ಹಳೇ ಬಾಗಿಲಾದರೂ ಆಯಿತು. ಒಬ್ಬರು ತಲೆಯ ಹತ್ತಿರ ಕೂತು ಎರಡೂ ಕೈಯಲ್ಲಿ ತಲೆ, ಕುತ್ತಿಗೆ ಅಲುಗದಂತೆ ಹಿಡಿಯಬೇಕು. ಉಳಿದವರು ಒಂದೇ ಬದಿಯಲ್ಲಿ ಕೂತು, ಭುಜ, ಸೊಂಟ, ಮೊಣಕಾಲು ಹಿಡಿದು, ತಲೆ ಹಿಡಿದವರು 'ಹೂಂ' ಅಂದಾಗ ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಬೇಕು. ಹಲಗೆ ಬೆನ್ನಿಗೆ ತಾಗುವಂತೆ ಇಟ್ಟು ಹಾಗೇ ಒಟ್ಟಿಗೆ ವಾಪಸ್ ಹೊರಳಿಸಿ. ಹೊರಡುವ ಮೊದಲು ಪಂಚೆಯಿಂದಲೋ ಹಗ್ಗದಿಂದಲೋ ಮೈಯನ್ನು ಹಲಗೆಗೆ ಕಟ್ಟಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವ ಗಡಿಬಿಡಿ ಬೇಡ.

ಬಾಯಿಗೆ ಏನೂ ಹಾಕಬೇಡಿ. ನೀರು, ಸೋಡಾ, ಕಾಫಿ ಯಾವುದೂ ಬೇಡ. ಪ್ರೀತಿಯಿಂದಲೇ ಕೊಡುತ್ತೀರಿ, ನನಗೆ ಗೊತ್ತು. ಆದರೆ ಎಚ್ಚರ ತಪ್ಪಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ತುರ್ತಾಗಿ ಆಪರೇಷನ್ ಬೇಕಾದರೆ ಅನಸ್ತೇಶಿಯಾ ಕೊಡುವುದೂ ಕಷ್ಟ. ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿ, ಸಾಕು. ಮೈಮೇಲೆ ಕಂಬಳಿ ಹೊದಿಸಿ. ರಕ್ತ ಹೋಗುತ್ತಿರುವವರ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ.

ಪೊಲೀಸ್ ಕೇಸಾಗುತ್ತದೆ ಅಂತ ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಲು ಹೆದರುವವರು ಇನ್ನೂ ಇದ್ದಾರೆ. ಯಾವ ಆಸ್ಪತ್ರೆಯೂ ಪೊಲೀಸರು ಬರಲಿ ಅಂತ ಚಿಕಿತ್ಸೆ ತಡೆಹಿಡಿಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ ನೆರವಿಗೆ ಬಂದವರು ತಮ್ಮ ಹೆಸರು, ವಿಳಾಸ ಕೊಡಬೇಕಂತಲೂ ಇಲ್ಲ. ಕರೆದುಕೊಂಡು ಬನ್ನಿ, ಬಿಟ್ಟು ಹೋಗಿ. ನಾವು ಹಿಡಿದು ಕೂರಿಸುವುದಿಲ್ಲ.

ಹೊಟ್ಟೆಗೆ ಬಿದ್ದ ಪೆಟ್ಟು, ಭುಜದಲ್ಲಿ ನೋವು

ಒಂದು ಕೊಯ್ಲಿನ ಕಾಲ. ಮೂವತ್ತರ ಆಸುಪಾಸಿನ ಕೊನೆ ತೆಗೆಯುವ ಹುಡುಗ ಗೆಳೆಯನ ಬೈಕಿನ ಹಿಂದೆ ಕೂತು ಬಂದ. 'ಏನೂ ಆಗ್ಲಿಲ್ಲ ಸಿಸ್ಟರೇ, ಎಡಭುಜ ನೋಯ್ತಿದೆ ಅಷ್ಟೇ. ಒಂದು ಇಂಜೆಕ್ಷನ್ ಕೊಡಿ, ಹೋಗ್ತೀನಿ' ಅಂದ.

'ಭುಜಕ್ಕೆ ತಾಗಿತಾ ತಮ್ಮಾ?'

'ಇಲ್ಲ, ಬುಡದಲ್ಲಿ ಒಂದು ಕೊರಡು ಬಿದ್ದಿತ್ತು. ಪಕ್ಕೆ ಅದಕ್ಕೆ ತಾಗ್ತು.'

ಭುಜ ಒತ್ತಿದರೆ ನೋವಿಲ್ಲ. ಕೈ ಪೂರ್ತಿ ಮೇಲೆತ್ತುತ್ತಾನೆ, ಆಗಲೂ ನೋವಿಲ್ಲ. ಮಂಚದ ಮೇಲೆ ಮಲಗಿಸಿದ ಕೂಡಲೇ ಭುಜದ ನೋವು ಜಾಸ್ತಿಯಾಯಿತು. ಅಂಗೈ ತಣ್ಣಗಿತ್ತು, ಮೇಲ್ತುಟಿಯ ಮೇಲೆ ಬೆವರು. ಬಿಪಿ 124/80, ನೋಡಿದವರು ಚೆನ್ನಾಗಿದೆ ಅನ್ನಬೇಕು. ಆದರೆ ಪಲ್ಸ್ 116. ಆವತ್ತು ಸ್ಕ್ಯಾನ್ ಮಾಡುವ ಡಾಕ್ಟರ್ ಇದ್ದರು. ಎಡಪಕ್ಕೆಯ ಮೇಲೆ ಮೆಷಿನ್ ಇಟ್ಟಾಗ ಗುಲ್ಮ ಮತ್ತು ಕಿಡ್ನಿಯ ಮಧ್ಯೆ ಒಂದು ತೆಳು ಕಪ್ಪು ಗೆರೆ ಕಂಡಿತು. ಅದು ರಕ್ತ.

ಗುಲ್ಮ, ಅಂದರೆ ಸ್ಪ್ಲೀನ್, ಎಡಗಡೆಯ ಕೆಳಪಕ್ಕೆಲುಬುಗಳ ಮರೆಯಲ್ಲಿರುತ್ತದೆ. ಹೊಟ್ಟೆಗೆ ಬಿದ್ದ ಒಳಪೆಟ್ಟಿನಲ್ಲಿ ಹೆಚ್ಚಾಗಿ ಹರಿಯುವುದು ಗುಲ್ಮ ಮತ್ತು ಲಿವರ್. ಸೋರಿದ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಅಡಿಗೆ ಸೇರಿ ಅದನ್ನು ಕೆಣಕುತ್ತದೆ. ವಪೆಗೆ ಬರುವ ನರವೂ ಭುಜದ ನೋವು ಒಯ್ಯುವ ನರವೂ ಕುತ್ತಿಗೆಯ ಒಂದೇ ಜಾಗದಿಂದ ಹೊರಡುವುದರಿಂದ ಮೆದುಳಿಗೆ ಅದು ಭುಜದ ನೋವಿನ ಹಾಗೆ ತೋರುತ್ತದೆ. ಭುಜಕ್ಕೆ ಪೆಟ್ಟಾಗದೆ ಭುಜ ನೋಯುತ್ತಿದ್ದರೆ ಹೊಟ್ಟೆಯ ಸ್ಕ್ಯಾನ್ ಆಗಲೇಬೇಕು.

ಆ ಹುಡುಗನಿಗೆ ಎರಡು ಕಡೆ ಡ್ರಿಪ್ ಸೂಜಿ ಹಾಕಿ, ರಕ್ತದ ಗುಂಪು ನೋಡಿ, ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಸಿಟಿ ಸ್ಕ್ಯಾನ್ ಆಯಿತು, ರಕ್ತ ಕೊಟ್ಟರು, ಐಸಿಯುನಲ್ಲಿಟ್ಟು ಕಾದರು. ಆಪರೇಷನ್ ಬೇಕಾಗಲಿಲ್ಲ. ಗುಲ್ಮ ಹರಿದರೆ ತೆಗೆಯಲೇಬೇಕು ಅನ್ನುವ ಕಾಲ ಹೋಯಿತು. ಬಿಪಿ ಬೀಳದೆ ಸರಿಯಾಗಿದ್ದರೆ ಹೆಚ್ಚಿನವರನ್ನು ಮಲಗಿಸಿ ಗಮನಿಸುತ್ತಲೇ ಗುಣಪಡಿಸುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಸೋರುವ ಜಾಗವನ್ನು ಒಳಗಿಂದಲೇ ಮುಚ್ಚುವುದೂ ಇದೆ. ರಕ್ತ ಕೊಟ್ಟರೂ ಬಿಪಿ ಇಳಿಯುತ್ತಲೇ ಇದ್ದರೆ ಮಾತ್ರ ಹೊಟ್ಟೆ ತೆರೆಯಬೇಕಾಗುತ್ತದೆ.

ಪಲ್ಸ್ ಎಣಿಸುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ, ತೋರುಬೆರಳು ಮತ್ತು ಮಧ್ಯದ ಬೆರಳು ಮೆಲ್ಲಗೆ ಇಡಿ. ನಿಮ್ಮ ಹೆಬ್ಬೆರಳು ಇಡಬೇಡಿ, ಅದರದ್ದೇ ಬಡಿತ ಗೊಂದಲ ಮಾಡುತ್ತದೆ. ಗಡಿಯಾರ ನೋಡಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಕಾಲು ಗಂಟೆಗೊಮ್ಮೆ ಎಣಿಸಿ ಬರೆದಿಡಿ. 70 ಕೆಜಿಯ ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಮುಕ್ಕಾಲು ಲೀಟರ್ ಹೋದರೂ ಹೊರಗೆ ಅಷ್ಟೇನೂ ಗೊತ್ತಾಗದಿರಬಹುದು. ಆಮೇಲೆ ಪಲ್ಸ್ ಏರುತ್ತದೆ. ಬಿಪಿ ಸ್ಪಷ್ಟವಾಗಿ ಬೀಳುವ ಹೊತ್ತಿಗೆ ಒಂದೂವರೆ ಲೀಟರ್ ಹೋಗಿರಬಹುದು. ಹಾಗಾಗಿ 88, 96, 108 ಅಂತ ಏರುತ್ತಿದ್ದರೆ ಬಿಪಿ ಸರಿ ಇದೆ ಅಂತ ಸುಮ್ನೆ ಕೂರಬೇಡಿ. ಇನ್ನೊಂದು ವಿಷಯ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರದ ಮಾತ್ರೆ ತಗೊಳ್ಳುವ ಹಿರಿಯರಲ್ಲಿ ರಕ್ತ ಹೋದರೂ ಪಲ್ಸ್ ಏರದಿರಬಹುದು. ಅವರ ಮಾತ್ರೆ ಚೀಟಿ ತಪ್ಪದೆ ತನ್ನಿ.

ಮೂತ್ರದಲ್ಲಿ ರಕ್ತ, ಹೊಟ್ಟೆ ಬಿಗಿಯಾಗುವುದು, ನಿಂತರೆ ಕಣ್ಣು ಕತ್ತಲೆ, ಸೀಟ್ ಬೆಲ್ಟ್ ಅಚ್ಚಿನಂತೆ ಹೊಟ್ಟೆಗೆ ಅಡ್ಡ ಕಂದು ಗೆರೆ, ಇವುಗಳಲ್ಲಿ ಒಂದಿದ್ದರೂ ಹೊರಡಿ. ಗರ್ಭಿಣಿಯ ಹೊಟ್ಟೆಗೆ ಸಣ್ಣ ಪೆಟ್ಟಾದರೂ ಬರಲೇಬೇಕು. ತಾಯಿಗೆ ಏನೂ ಅನಿಸದಿದ್ದರೂ ಮಾಸು ಗರ್ಭಕೋಶದಿಂದ ಬಿಟ್ಟುಕೊಳ್ಳಬಹುದು. ಆರೇಳು ತಿಂಗಳು ತುಂಬಿದವರಾದರೆ ಮಗುವಿನ ಎದೆಬಡಿತವನ್ನು ಕಡಿಮೆ ಅಂದರೂ 4 ಗಂಟೆ ಗಮನಿಸುತ್ತಾರೆ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ.

ತಲೆ ಮತ್ತು ಎದೆ

ತಲೆಗೆ ಪೆಟ್ಟಾಗಿ ಸ್ವಲ್ಪ ಹೊತ್ತು ಎಚ್ಚರ ತಪ್ಪಿ, ಆಮೇಲೆ ಎದ್ದು ಚೆನ್ನಾಗಿ ಮಾತಾಡಿದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ತಲೆಬುರುಡೆಯ ಒಳಮೈಯ ರಕ್ತನಾಳ ಹರಿದಿದ್ದರೂ ಹೀಗೇ ಆಗಬಹುದು. ಕೆಲವು ಗಂಟೆ ಚೆನ್ನಾಗಿದ್ದು, ರಕ್ತ ತುಂಬಿಕೊಂಡು ಮೆದುಳನ್ನು ಒತ್ತಿದಾಗ ಮತ್ತೆ ಮಂಕಾಗುತ್ತಾರೆ. ಮೊದಲ 24 ಗಂಟೆ ಒಬ್ಬರು ಜೊತೆಗಿರಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಮಾತು ತೊದಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಮೂಗು ಕಿವಿಯಿಂದ ತಿಳಿನೀರು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಸಿಟಿ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ. ಹಿರಿಯರಲ್ಲಿ ಇನ್ನೊಂದು ತರ ಇದೆ. ಬಚ್ಚಲಲ್ಲಿ ಜಾರಿ ತಲೆ ತಾಗಿದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ. ಎರಡು ಮೂರು ವಾರದ ಮೇಲೆ ಅಜ್ಜ ನಡೆಯುವಾಗ ವಾಲುತ್ತಾರೆ, ಮರೆವು ಹೆಚ್ಚಾಗುತ್ತದೆ. ವಯಸ್ಸಾಯಿತಲ್ಲ ಅಂತ ಬಿಟ್ಟುಬಿಡುತ್ತಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತಗೊಳ್ಳುವವರಲ್ಲಿ ಇದರ ಅಪಾಯ ಜಾಸ್ತಿ. ತಲೆಬುರುಡೆಗೆ ಸಣ್ಣ ತೂತು ಮಾಡಿ ರಕ್ತ ಹೊರತೆಗೆದರೆ ಅವರಲ್ಲಿ ಎಷ್ಟೋ ಜನ ಮೊದಲಿನಂತೆ ಓಡಾಡುತ್ತಾರೆ.

ಎದೆಗೆ ಪೆಟ್ಟಾಗಿ ಪಕ್ಕೆಲುಬು ಮುರಿದರೆ ಪ್ಲಾಸ್ಟರ್ ಇಲ್ಲ, ಬಿಗಿಯಾಗಿ ಬಟ್ಟೆ ಸುತ್ತುವುದೂ ಇಲ್ಲ. ಸುತ್ತಿದರೆ ಉಸಿರು ಮೇಲೆ ಮೇಲೆ ಆಡಿ ಕಫ ಕೂತು ನ್ಯುಮೋನಿಯಾ ಆಗುತ್ತದೆ. ನೋವಿನ ಮದ್ದು ಸರಿಯಾಗಿ ತಗೊಂಡು ಆಳವಾಗಿ ಉಸಿರೆಳೆಯುವುದೇ ಚಿಕಿತ್ಸೆ. ಮೂರು ಚೆಂಡಿನ ಉಸಿರಾಟದ ಉಪಕರಣ ಕೊಡುತ್ತೇವಲ್ಲ, ಅದರಲ್ಲಿ ಊದುವುದಲ್ಲ, ಎಳೆಯಬೇಕು. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಿ. ಶ್ವಾಸಕೋಶ ತೂತಾಗಿ ಎದೆಯಲ್ಲಿ ಗಾಳಿಯೋ ರಕ್ತವೋ ತುಂಬಿದರೆ ಕಂಕುಳ ಕೆಳಗೆ ಒಂದು ಪೈಪ್ ಹಾಕಿ ನೀರಿರುವ ಬಾಟಲಿಗೆ ಜೋಡಿಸುತ್ತಾರೆ. ಆ ಬಾಟಲಿ ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು. ಶೌಚಕ್ಕೆ ಹೋಗುವಾಗ ಅದನ್ನು ಮಂಚದ ಮೇಲಿಡುವವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತಿದು.

ಎಣ್ಣೆ ತಿಕ್ಕಬೇಡಿ, ಬಿಗಿಯಾಗಿ ಕಟ್ಟಬೇಡಿ

ಒಳಪೆಟ್ಟು ಅಂದ ಕೂಡಲೇ ನಮ್ಮಲ್ಲಿ ಬಿಸಿ ಎಣ್ಣೆ ಹಚ್ಚಿ ನೀವುತ್ತಾರೆ, ಶಾಖ ಕೊಡುತ್ತಾರೆ. ಮೊದಲ ಎರಡು ದಿನ ಇದು ಬೇಡವೇ ಬೇಡ. ಒಳಗೆ ಹರಿದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವ ಹೊತ್ತಿನಲ್ಲಿ ತಿಕ್ಕಿದರೆ ಮತ್ತೆ ಒಸರುತ್ತವೆ. ತೊಡೆಯಂಥ ದಪ್ಪ ಸ್ನಾಯುವಿನಲ್ಲಿ ಗಟ್ಟಿಯಾಗಿ ನೀವಿದ ಜಾಗದಲ್ಲಿ ಆಮೇಲೆ ಮೂಳೆಯಂಥ ಗಂಟು ಬೆಳೆಯುವುದೂ ಉಂಟು. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ತೆಗೆಯಿರಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಒಳಗೆ ರಕ್ತ ಹೋಗುತ್ತಿಲ್ಲ ಅಂತ ಖಾತ್ರಿಯಾಗುವವರೆಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಮೊಣಕಾಲಿನ ಕೆಳಗಿನ ಪೆಟ್ಟಿನ ಬಗ್ಗೆ ಬಿಡಿಸಿ ಹೇಳಲೇಬೇಕು. ಮೀನಖಂಡದ ಸ್ನಾಯುಗಳು ಹಿಗ್ಗದ ಪೊರೆಯೊಳಗೆ ಬಿಗಿಯಾಗಿ ಕೂತಿರುತ್ತವೆ. ಮರದ ದಿಮ್ಮಿ ಬಿದ್ದೋ ಬೈಕಿನ ಅಡಿ ಸಿಕ್ಕಿಯೋ ಒಳಗೆ ಬಾವು ಬಂದರೆ ಒತ್ತಡ ಏರಿ ಸ್ನಾಯುವಿಗೆ ರಕ್ತ ಹರಿಯುವುದೇ ನಿಲ್ಲುತ್ತದೆ. ಅದರ ಮೇಲೆ ಬಿದಿರಿನ ಪಟ್ಟಿ ಇಟ್ಟು ಬಿಗಿದು ಕಟ್ಟಿದರೆ ಕೇಳುವುದೇ ಬೇಡ. ಹಾಗೆ ಕಟ್ಟಿಸಿಕೊಂಡು ಮೂರನೇ ದಿನ ಕಪ್ಪಾದ ಪಾದ ಹೊತ್ತು ಬಂದ ಕಾಲುಗಳನ್ನು ನಾನು ನೋಡಿದ್ದೇನೆ. ಆಗ ಉಳಿಸಲು ಏನೂ ಇರುವುದಿಲ್ಲ.

ಗುರುತು ಹೀಗಿದೆ. ಪೆಟ್ಟಿಗೆ ಮೀರಿದ ನೋವು. ಇಂಜೆಕ್ಷನ್ ಕೊಟ್ಟರೂ ಇಳಿಯದ ನೋವು. ಕಾಲಿನ ಹೆಬ್ಬೆರಳನ್ನು ನೀವು ಮೆಲ್ಲಗೆ ಮೇಲಕ್ಕೆ, ಕೆಳಕ್ಕೆ ಬಗ್ಗಿಸಿದರೆ ಕಿರುಚಿಕೊಳ್ಳುತ್ತಾರೆ. ಮೀನಖಂಡ ಒತ್ತಿದರೆ ಗಟ್ಟಿ. ಬೆರಳ ಸಂದಿಯಲ್ಲಿ ಜೋಮು. ಪಾದದಲ್ಲಿ ನಾಡಿ ಸಿಗುತ್ತಿದ್ದರೂ ಧೈರ್ಯ ತಗೊಳ್ಳುವ ಹಾಗಿಲ್ಲ. ಕಟ್ಟಿದ್ದನ್ನು ಕೂಡಲೇ ಬಿಚ್ಚಿ, ಕಾಲನ್ನು ಎದೆಯ ಮಟ್ಟಕ್ಕೆ ಇಡಿ, ದಿಂಬಿನ ಮೇಲೆ ಎತ್ತಿಡಬೇಡಿ. ಸ್ನಾಯು ಸಾಯಲು ಸುಮಾರು 6 ಗಂಟೆ ಸಾಕು. ಅಷ್ಟರೊಳಗೆ ಸರ್ಜನ್ ಆ ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸಬೇಕು. ಗಾಯ ಕೆಲವು ದಿನ ತೆರೆದೇ ಇರುತ್ತದೆ, ಆಮೇಲೆ ಹೊಲಿಯುತ್ತಾರೆ ಅಥವಾ ತೊಡೆಯ ಚರ್ಮ ತೆಗೆದು ಹಾಕುತ್ತಾರೆ. ನೋಡಿ ಹೆದರಬೇಡಿ, ಕಾಲು ಉಳಿಯುವುದು ಹೀಗೇ. ತುಂಬಾ ಹೊತ್ತು ಭಾರದ ಅಡಿ ಸಿಕ್ಕಿಕೊಂಡಿದ್ದವರ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಿಡ್ನಿ ಅಪಾಯದಲ್ಲಿದೆ ಅಂತ ಅರ್ಥ.

ಆಸ್ಪತ್ರೆಯಲ್ಲಿ

ಮೊದಲು ಉಸಿರು, ಆಮೇಲೆ ರಕ್ತದ ಓಟ, ಆಮೇಲೆ ಎಚ್ಚರ, ಈ ಕ್ರಮದಲ್ಲಿ ನೋಡುತ್ತೇವೆ. ಬಟ್ಟೆ ಕತ್ತರಿಸಿದರೆ ಬೇಸರ ಬೇಡ, ಬೆನ್ನನ್ನೂ ನೋಡಲೇಬೇಕು. ಎದೆ ಮತ್ತು ಸೊಂಟದ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಆಗುತ್ತದೆ. ಮೊದಲ ಸ್ಕ್ಯಾನ್ ಸರಿ ಇದ್ದರೂ ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬಹುದು. ಅದು ದುಡ್ಡಿಗಾಗಿ ಅಲ್ಲ. ಆಗ ಇಲ್ಲದ ರಕ್ತ ಈಗ ಸೇರಿರಬಹುದು. ರಕ್ತ ಹೋಗುತ್ತಿದೆ ಅನಿಸಿದರೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ ಇದರಿಂದ ಜೀವ ಉಳಿಯುತ್ತದೆ ಅಂತ ತೋರಿಸಿತು. ಆದರೆ ಪೆಟ್ಟಾದ 3 ಗಂಟೆಯೊಳಗೆ ಕೊಡಬೇಕು. ಪೆಟ್ಟಾದ ಗಂಟೆ ನೆನಪಿಡಿ ಅಂತ ಹೇಳಿದ್ದು ಇದಕ್ಕೂ ಸೇರಿ.

ರಸ್ತೆ ಅಪಘಾತ, ಹೊಡೆದಾಟ, ಮರದಿಂದ ಬಿದ್ದದ್ದು, ಇವನ್ನೆಲ್ಲ ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸ್, ಅಂತ ಬರೆದು ಪೊಲೀಸರಿಗೆ ತಿಳಿಸುತ್ತೇವೆ. ವಿಮೆಗೂ ಪರಿಹಾರಕ್ಕೂ ಮುಂದೆ ಬೇಕಾಗುವುದು ಅದೇ ಕಾಗದ. ಬೇಡ ಅಂತ ಒತ್ತಾಯಿಸಬೇಡಿ. ಮೋಟಾರು ವಾಹನ ಅಪಘಾತವಾದರೆ 2025ರಿಂದ ಬಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ, ಗುರುತಿಸಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಇದೆ. ಕೇಳಿ ಪಡೆಯಿರಿ.

ಹೆಣ್ಣುಮಕ್ಕಳು ತೋಳಿನ ಒಳಭಾಗದಲ್ಲಿ, ಕುತ್ತಿಗೆಯಲ್ಲಿ, ಕಿವಿಯ ಹಿಂದೆ ಕಂದು ಕಲೆ ಇಟ್ಟುಕೊಂಡು 'ಬಚ್ಚಲಲ್ಲಿ ಬಿದ್ದೆ' ಅನ್ನುತ್ತಾರೆ. ಬಿದ್ದವರಿಗೆ ಸಾಮಾನ್ಯವಾಗಿ ಮೊಣಕೈ, ಮೊಣಕಾಲು, ಹಣೆ ತಾಗುತ್ತದೆ. ನಾನು ಜೊತೆಗೆ ಬಂದವರನ್ನು ಔಷಧಿ ತರಲು ಕಳಿಸಿ ಬಾಗಿಲು ಮುಚ್ಚಿ ಕೇಳುತ್ತೇನೆ, 'ಹೇಳಮ್ಮ, ಯಾರು ಹೊಡೆದದ್ದು?' ಓದುವವರಲ್ಲಿ ಅಂಥವರಿದ್ದರೆ, ನಮ್ಮ ಹತ್ತಿರ ಹೇಳಿ ಅಕ್ಕಾ. ಕುತ್ತಿಗೆ ಹಿಸುಕಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಹೊರಗೆ ಕಲೆ ಇಲ್ಲದಿದ್ದರೂ ಒಳಗೆ ಬಾವು ಬಂದು ಉಸಿರು ಕಟ್ಟಬಹುದು. 181 ಮಹಿಳಾ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಮನೆಗೆ ಹೋದ ಮೇಲೆ

ಕಂದಿದ ಜಾಗ ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಹಳದಿ ಆಗಿ ಸುಮಾರು ಎರಡು ವಾರದಲ್ಲಿ ಮಾಸುತ್ತದೆ. ಕಲೆ ಕೆಳಕ್ಕೆ ಇಳಿದರೆ ಗಾಬರಿ ಬೇಡ, ರಕ್ತ ಭಾರಕ್ಕೆ ಜಾರುತ್ತದೆ, ಹಣೆಯ ಪೆಟ್ಟು ಎರಡು ದಿನದ ಮೇಲೆ ಕಣ್ಣ ಸುತ್ತ ಕಾಣಬಹುದು. ಆದರೆ ಹಣೆಗೆ ಪೆಟ್ಟೇ ಆಗದೆ ಎರಡೂ ಕಣ್ಣ ಸುತ್ತ, ಇಲ್ಲವೇ ಕಿವಿಯ ಹಿಂದೆ ಕಪ್ಪಾದರೆ ತಲೆಬುರುಡೆಯ ತಳ ಬಿರುಕು ಬಿಟ್ಟಿರಬಹುದು, ವಾಪಸ್ ಬನ್ನಿ. ಬಾವು ಹೆಚ್ಚುತ್ತಲೇ ಹೋದರೆ, ಜ್ವರ ಬಂದರೆ ಕೂಡ ಬನ್ನಿ.

ಗುಲ್ಮ, ಲಿವರ್ ಹರಿದು ಆಪರೇಷನ್ ಇಲ್ಲದೆ ಗುಣವಾದವರು ಡಾಕ್ಟರ್ ಹೇಳುವವರೆಗೆ ಮರ ಹತ್ತುವುದು, ಮೂಟೆ ಹೊರುವುದು, ಕಬಡ್ಡಿ ಯಾವುದೂ ಮಾಡುವಂತಿಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳು. ನೋವು ವಾರದಲ್ಲೇ ಹೋಗಿರುತ್ತದೆ, ಕೂಲಿ ತಪ್ಪುತ್ತದೆ ಅನ್ನುವ ಸಂಕಟವೂ ಇರುತ್ತದೆ. ಆದರೆ ಪೆಟ್ಟಾದ ಎಷ್ಟೋ ದಿನಗಳ ಮೇಲೂ ಗುಲ್ಮ ಮತ್ತೆ ಸೋರುವುದು ಇದೆ. ಹೊಟ್ಟೆ ನೋವು ಅಥವಾ ಆ ಭುಜದ ನೋವು ಮತ್ತೆ ಬಂದರೆ ರಾತ್ರಿಯಾದರೂ ಹೊರಡಿ. ಗುಲ್ಮ ತೆಗೆಸಿಕೊಂಡವರು ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಡಾಕ್ಟರ್ ಹೇಳಿದ ದಿನ ಹಾಕಿಸಿಕೊಳ್ಳಬೇಕು. ಗುಲ್ಮ ಇಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಮುಂದೆ ಯಾವಾಗ ಜ್ವರ ಬಂದರೂ ಅದೇ ದಿನ ಆಸ್ಪತ್ರೆಗೆ ಬಂದು ಆ ಚೀಟಿ ತೋರಿಸಿ.